ಒತ್ತೆ ಕೂತವರು

“ಇವನನ್ನಾ ಒತ್ತೆ ಕೂರಿಸ್ತೀರಾ?”

ಹಜ್ ಯಾತ್ರೆ ಮಾಡಿ ಬಂದ ಹಜ್ಜಾ ಫೌಕಿಯಾ ಬಾಗಿಲನ್ನು ಅರ್ಧ ಮಾತ್ರ ತೆರೆದು, ಮೆಟ್ಟಿಲ ಮೇಲೆ ನಿಂತಿದ್ದ ಬಯೂಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಶುಕ್ರವಾರದ ನಮಾಜು ಮುಗಿಸಿ ನೇರವಾಗಿ ಬಂದಿದ್ದ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಫ್ರಿಜ್ ರಿಪೇರಿ ಮಾಡುವವನ ಉಗುರಿನ ಕಪ್ಪು ಮಾತ್ರ ಎಷ್ಟು ತೊಳೆದರೂ ಹೋಗಿರಲಿಲ್ಲ.

“ಇವನನ್ನ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ? ನೀವು ಮಗೂನ ವಾಪಸ್ ತರದೇ ಹೋದ್ರೆ, ಇವನನ್ನ ಕೇಳ್ಕೊಂಡು ಯಾರಾದ್ರೂ ಬರ್ತಾರಾ?”

“ಕಟ್ಕೊಂಡವಳೇ ಬರ್ಲಿಲ್ಲ, ಇನ್ಯಾರು ಬರ್ತಾರೆ ಹಜ್ಜಾ,” ಎಂದ ಬಯೂಮಿ. “ಆದ್ರೆ ಈ ಕೆಲಸದಲ್ಲಿ ನಂಗೆ ಅನುಭವ ಇದೆ. ಈ ಊರಲ್ಲಿ ಹನ್ನೊಂದು ಮನೇಲಿ ಒತ್ತೆ ಕೂತಿದೀನಿ. ಒಬ್ರೂ ದೂರು ಹೇಳಿಲ್ಲ. ಟೀ ಕೊಟ್ರೆ ಕುಡೀತೀನಿ, ಕೊಡದಿದ್ರೆ ಕೇಳ್ತೀನಿ, ಅಷ್ಟೇ.”

ಹಜ್ಜಾ ನಗಲಿಲ್ಲ. ಆದರೆ ಬಾಗಿಲು ಇನ್ನೊಂದು ಗೇಣು ಸರಿಯಿತು.

ಎರಡು ಮೆಟ್ಟಿಲು ಕೆಳಗೆ ನಿಂತಿದ್ದ ರಾವಿಯಾ ಆ ಒಂದು ಗೇಣನ್ನೇ ನೋಡುತ್ತಿದ್ದಳು. ಒಂದು ಕಾಲದಲ್ಲಿ ಅವಳು ಕೀಲಿಕೈ ಇಟ್ಟುಕೊಂಡು ಓಡಾಡಿದ ಬಾಗಿಲು ಅದು. ಅವಳ ಮಗಳು ತಸ್ನೀಮ್ ಹುಟ್ಟಿದ್ದು ಈ ಮನೆಯಲ್ಲೇ. ತಲಾಖ್ ಆದ ಮೇಲೆ ತಸ್ನೀಮಳ ಅಪ್ಪ ಸೌದಿಗೆ ಹೋದ, ಮಗಳು ತಾಯಿಯ ಜೊತೆ ಉಳಿದಳು. ರಾವಿಯಾ ಎರಡನೇ ಮದುವೆಯಾದಳು. ಮತ್ತೆ ಮದುವೆಯಾದ ತಾಯಿಗೆ ಕಾನೂನು ಮಗುವಿನ ಸುಪರ್ದಿ ಕೊಡುವುದಿಲ್ಲ. ಅವಳ ತಾಯಿ ಬದುಕಿದ್ದರೆ ಮಗು ಆ ಅಜ್ಜಿಯ ಮನೆಗೆ ಹೋಗುತ್ತಿತ್ತು. ತಾಯಿ ತೀರಿಕೊಂಡಿದ್ದರಿಂದ ಕೋರ್ಟು ಅಪ್ಪನ ತಾಯಿಯಾದ ಹಜ್ಜಾಗೆ ಒಪ್ಪಿಸಿತು. ರಾವಿಯಾಳ ಪಾಲಿಗೆ ಉಳಿದದ್ದು ಶುಕ್ರವಾರಕ್ಕೊಮ್ಮೆ ಮೂರು ಗಂಟೆಗಳ ಭೇಟಿ, ಯುವಜನ ಕೇಂದ್ರದ ಅಂಗಳದಲ್ಲಿ, ಎಲ್ಲರ ಕಣ್ಣೆದುರು. ಅದಕ್ಕಿಂತ ಹೆಚ್ಚು ಬೇಕೆಂದರೆ ಹಜ್ಜಾ ಮನಸ್ಸು ಮಾಡಬೇಕು.

ಎರಡು ವರ್ಷಕ್ಕೂ ಮೇಲೆ ಕಾದ ಮೇಲೆ ಹಜ್ಜಾ ಇವತ್ತು ಮನಸ್ಸು ಮಾಡಿದ್ದರು. ತಸ್ನೀಮ್ ಮೊದಲ ಸಲ ಅಮ್ಮನ ಮನೆಗೆ ಹೋಗಬಹುದು. ಸೂರ್ಯ ಮುಳುಗಿ ಮಗ್ರಿಬ್‌ನ ಆಜಾನ್ ಕೂಗುವುದರೊಳಗೆ ವಾಪಸ್ ಬರಬೇಕು. ಬಂದರೆ ಇನ್ನೊಮ್ಮೆ ಎನ್ನುವ ಮಾತು. ಬರದಿದ್ದರೆ ಮತ್ತೆ ಅದೇ ಸಿಮೆಂಟ್ ಅಂಗಳ.

“ಒಳಗೆ ಬಾ,” ಎಂದರು ಹಜ್ಜಾ ಬಯೂಮಿಗೆ. ರಾವಿಯಾಳ ಕಡೆ ನೋಡದೆ, “ನೀನೂ ಬಾ. ಅವಳಿಗೆ ಇನ್ನೊಂದು ಜಡೆ ಹಾಕೋದಿದೆ,” ಎಂದರು.

ರಾವಿಯಾ ಸೋಫಾದ ಅಂಚಿನಲ್ಲಿ ಕೂತಳು. ಬಯೂಮಿ ಮಾತ್ರ ಆರಾಮಾಗಿ ಹಿಂದಕ್ಕೆ ಒರಗಿ, ಚಪ್ಪಲಿ ಬಿಟ್ಟು, ಇದು ತನ್ನ ಸೋದರತ್ತೆಯ ಮನೆ ಎನ್ನುವ ಹಾಗೆ ಕಾಲು ಚಾಚಿದ.

ಬಯೂಮಿಯನ್ನು ಕಳಿಸಿದ ಶುಕ್ರವಾರದ ಬಳಗವನ್ನು ಹೆಸರಿಟ್ಟುಕೊಂಡು ಯಾರೂ ಶುರುಮಾಡಿದ್ದಲ್ಲ. ಇಸ್ಮಾಯಿಲಿಯಾದ ಯುವಜನ ಕೇಂದ್ರದ ಹಿಂದಿನ ಅಂಗಳಕ್ಕೆ, ತಲಾಖ್ ಆದ ಮೇಲೆ ತಾಯಿಯ ಸುಪರ್ದಿಯಲ್ಲಿದ್ದ ಮಕ್ಕಳನ್ನು ನೋಡಲು ಬರುತ್ತಿದ್ದ ಅಪ್ಪಂದಿರು ಮೊದಮೊದಲು ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಉಳಿದವರಿಗೆ ಬೆನ್ನು ಹಾಕಿ ಕೂರುತ್ತಿದ್ದರಂತೆ. ಮಗುವಿನ ಮುಖ ನೋಡುತ್ತ ಮೂರು ಗಂಟೆ ಕೂರುವುದು ಸುಲಭವಲ್ಲ. ಶಾಲೆ ಹೇಗಿದೆ, ಚೆನ್ನಾಗಿದೆ. ಊಟ ಆಯ್ತಾ, ಆಯ್ತು. ಅಲ್ಲಿಗೆ ಮಾತು ಖಾಲಿ. ಭೂಗೋಳ ಪಾಠ ಮಾಡುವ ವಗ್ದಿ ಮೇಷ್ಟ್ರು ಒಂದು ವಾರ ಚೆಂಡು ತಂದರು. ಮಕ್ಕಳು ಆಡತೊಡಗಿದ ಮೇಲೆ ಅಪ್ಪಂದಿರಿಗೆ ಗೋಡೆಯ ಪಕ್ಕ ಸಾಲಾಗಿ ಕೂತು, ತಮ್ಮ ಮಕ್ಕಳು ಯಾರೂ ಹೇಳದೆ ಓಡುವುದನ್ನು, ಬೀಳುವುದನ್ನು, ಜಗಳವಾಡುವುದನ್ನು ದೂರದಿಂದ ನೋಡುವ ಸುಖ ಸಿಕ್ಕಿತು. ಮುಂದಿನ ವಾರ ಯಾರೋ ಫ್ಲಾಸ್ಕಿನಲ್ಲಿ ಟೀ ತಂದರು. ಬೇಸಿಗೆಗೆ ಟಾರ್ಪಾಲು ಬಂತು. ಬೀಗ ಹಾಕಿರುತ್ತಿದ್ದ ಶೌಚಾಲಯ ತೆರೆಸಲು ಎಲ್ಲರೂ ಒಟ್ಟಾಗಿ ಕೇಂದ್ರದ ನಿರ್ದೇಶಕರ ಹತ್ತಿರ ಹೋದರು. ಅದು ಬಳಗದ ಮೊದಲ ಹೋರಾಟ, ಮೊದಲ ಗೆಲುವು. ಮೇಷ್ಟ್ರು ಇವತ್ತಿಗೂ ಅದನ್ನು ಯುದ್ಧದಲ್ಲಿ ಊರಿನ ಪಕ್ಕದ ಕಾಲುವೆ ದಾಟಿ ಗೆದ್ದ ಸೈನ್ಯದ ಕಥೆಯ ಹಾಗೆ ಹೇಳುತ್ತಾರೆ.

ಕಾನೂನು ಬದಲಾಗಲಿ, ಮಗು ಒಂದು ರಾತ್ರಿಯಾದರೂ ಮನೆಗೆ ಬರಲಿ ಎಂದು ಒಮ್ಮೆ ಕೈರೋಗೂ ಹೋಗಿದ್ದರು. ಅಲ್ಲಿ ಬೇರೆ ಊರಿನ ಅಪ್ಪಂದಿರೂ ಸೇರಿದ್ದರು. ಘೋಷಣೆಗಳು ಬರಬರುತ್ತ ಕಾನೂನನ್ನು ಬಿಟ್ಟು ಮಕ್ಕಳ ತಾಯಂದಿರ ಮೇಲೆ ತಿರುಗಿದವು. ಕಿವಿಯಲ್ಲಿ ಕೇಳಲಾಗದ ಮಾತುಗಳು. ಮೇಷ್ಟ್ರು ತಮ್ಮ ಬೋರ್ಡನ್ನು ಮಡಚಿ ರೈಲು ಹತ್ತಿದರು. “ಆ ಹೆಂಗಸರ ಮನೇಲೇ ಅಲ್ವೇನ್ರಯ್ಯಾ ನಮ್ಮ ಮಕ್ಕಳು ಊಟ ಮಾಡೋದು? ಅವರಿಗೆ ಬೈದು ಬಂದ ಬಾಯಲ್ಲಿ ಮಗೂಗೆ ಮುತ್ತು ಕೊಡೋದು ಹೇಗೆ?” ಎಂದರಂತೆ. ಅರ್ಧ ಜನ ಬಳಗ ಬಿಟ್ಟರು. ಮೇಷ್ಟ್ರಿಗೆ ಬೆನ್ನೆಲುಬಿಲ್ಲ ಎಂದರು.

ಒತ್ತೆ ಕೂರುವ ಪದ್ಧತಿ ಹುಟ್ಟಿದ್ದು ಅದರ ಮುಂದಿನ ಚಳಿಗಾಲ. ಬಳಗದ ಒಬ್ಬನ ತಂದೆ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದ, ಮೊಮ್ಮಗನ ಮುಖ ನೋಡಬೇಕೆಂದು ಹಟ ಹಿಡಿದಿದ್ದ. ಹುಡುಗನ ತಾಯಿಗೆ ಭಯ. ಹೀಗೆ ಕರೆದುಕೊಂಡು ಹೋದ ಅಪ್ಪಂದಿರು ಮಗುವಿನ ಜೊತೆ ಊರೇ ಬಿಟ್ಟದ್ದನ್ನು ಅವಳು ಕೇಳಿದ್ದಳು. ಆಗ ಬಯೂಮಿ, “ಮಗು ಬರೋ ತನಕ ನಾನು ನಿಮ್ಮನೇಲಿ ಕೂತಿರ್ತೀನಿ ತಾಯಿ. ಬರದಿದ್ರೆ ನನ್ನನ್ನ ಪೊಲೀಸಿಗೆ ಕೊಡಿ,” ಎಂದು ಅವರ ಜಗಲಿಯಲ್ಲಿ ಕೂತೇಬಿಟ್ಟ. ಮಗು ಸಮಯಕ್ಕೆ ಸರಿಯಾಗಿ ಬಂತು. ಅಲ್ಲಿಂದ ಮುಂದೆ ಯಾರ ಮಗು ಅಂಗಳದಿಂದ ಹೊರಗೆ ಹೋದರೂ ಬಳಗದ ಒಬ್ಬರು ಸುಪರ್ದಿಯವರ ಮನೆಯಲ್ಲಿ ಕೂರಬೇಕು. ಕಾನೂನು ಕೊಡದೇ ಇದ್ದದ್ದು ಹೀಗೆ ಒಂದೊಂದೇ ಮನೆಯ ಸೋಫಾದ ಮೇಲೆ ಕೂತು ಸಿಕ್ಕಿತು. ಬಿಟ್ಟು ಹೋದವರಲ್ಲಿ ಕೆಲವರು ತಲೆ ತಗ್ಗಿಸಿಕೊಂಡು ವಾಪಸ್ ಬಂದರು.

ರಾವಿಯಾ ಮೊದಲ ಸಲ ಅಂಗಳಕ್ಕೆ ಬಂದ ದಿನ ಗೋಡೆಯ ಪಕ್ಕದ ಗಂಡಸರೆಲ್ಲ ತಟ್ಟನೆ ಮಾತು ನಿಲ್ಲಿಸಿದ್ದರು. ಬಯೂಮಿ ಎದ್ದು ಬಂದು, “ಅಮ್ಮಾ, ಮಕ್ಕಳನ್ನ ಕರ್ಕೊಂಡು ಬಂದವರು ಗೇಟಿನ ಹತ್ರ ಕೂರೋದು. ಅಲ್ಲಿ ನೆರಳಿದೆ,” ಎಂದಿದ್ದ. ಗೇಟಿನ ಹತ್ತಿರ ಜಪಮಾಲೆ ಹಿಡಿದು ಹಜ್ಜಾ ಫೌಕಿಯಾ ಕೂತಿದ್ದರು. “ನಾನು ಕರ್ಕೊಂಡು ಬಂದವಳಲ್ಲ,” ಎಂದಿದ್ದಳು ರಾವಿಯಾ, ಎಷ್ಟು ಮೆಲ್ಲಗೆಂದರೆ ಅವನು ಬಗ್ಗಿ ಕೇಳಬೇಕಾಯಿತು. “ನೋಡೋದಕ್ಕೆ ಬಂದವಳು.” ಬಯೂಮಿ ನೆಟ್ಟಗಾದ. ಆಮೇಲೆ ಗೋಡೆಯ ಕಡೆ ತಿರುಗಿ, “ಸರ್ಕೊಳ್ರೋ, ಜಾಗ ಬಿಡಿ,” ಎಂದು ಕೂಗಿದ. ಅಲ್ಲಿಯವರೆಗೆ ಟಾರ್ಪಾಲಿನ ಮೇಲೆ ಬರೆದಿದ್ದ ತಂದೆಯರ ಬಳಗ ಎಂಬ ಹೆಸರನ್ನು ಮೇಷ್ಟ್ರು ಮರುವಾರವೇ ಅಳಿಸಿದರು.

ಇವತ್ತು ಬೆಳಿಗ್ಗೆ ಫೋನಿನಲ್ಲಿ ಅವರು ಒಂದೇ ಮಾತು ಹೇಳಿದ್ದರು: “ತಡ ಮಾಡ್ಬೇಡ ಕಣಮ್ಮಾ. ಒಬ್ಬರು ತಡ ಮಾಡಿದ್ರೆ ನಾಳೆ ಈ ಊರಿನ ಒಬ್ಬ ಅಜ್ಜೀನೂ ನಮ್ಮನ್ನ ನಂಬಲ್ಲ.”

ತಸ್ನೀಮ್ ಎರಡು ಬಿಗಿಯಾದ ಜಡೆ, ಹಬ್ಬದ ನೀಲಿ ಲಂಗ, ಹೊಸ ಸ್ಯಾಂಡಲ್ ತೊಟ್ಟು ಹೊರಗೆ ಬಂದಳು. ಹಜ್ಜಾ ಅವಳ ಕಾಲರ್ ಸರಿಮಾಡುತ್ತ, ಅವಳಿಗೆ ಹೇಳುವ ಹಾಗೆ ರಾವಿಯಾಳಿಗೆ ಹೇಳಿದರು. “ತಣ್ಣೀರು ಕುಡೀಬೇಡ, ಗಂಟಲು ಕಟ್ಟುತ್ತೆ. ಬಾಲ್ಕನಿ ಕಂಬಿ ಹತ್ತಬೇಡ. ಮಾವಿನ ಹಣ್ಣು ಒಂದೇ. ಹೋದ ವಾರ ಮೂರು ತಿಂದು ಏನಾಯ್ತು, ಅಮ್ಮಂಗೆ ಹೇಳು.”

“ಹೇಳಲ್ಲ,” ಎಂದಳು ತಸ್ನೀಮ್.

ಮೈಕ್ರೋಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಬಹಳ ಹೊತ್ತು ಯೋಚಿಸಿದಳು. ಮೀನಿನ ಮಾರುಕಟ್ಟೆಯ ತಿರುವಿನಲ್ಲಿ ಕೇಳಿದಳು: “ಅಮ್ಮಾ, ಬಯೂಮಿ ಮಾಮ ಅಂದ್ರೆ ನನ್ನ ಬದಲಿಗಾ?”

“ಹೂಂ. ನೀನು ಹೋಗೋ ತನಕ.”

“ತೂಕ ಅವರದ್ದೇ ಜಾಸ್ತಿ. ಅಜ್ಜಿಗೆ ಲಾಭ.”

ಮುಂದೆ ಕೂತಿದ್ದ ಹೆಂಗಸು ತಿರುಗಿ ನೋಡಿ ನಕ್ಕಳು. ರಾವಿಯಾಳಿಗೂ ನಗು ಬಂತು. ಆದರೆ ನಗುತ್ತಲೇ ಅವಳು ಬಸ್ಸು ಎಷ್ಟು ಕಡೆ ನಿಲ್ಲುತ್ತಿದೆ, ವಾಪಸ್ ಬರುವಾಗ ಈ ರಸ್ತೆಯಲ್ಲಿ ಎಷ್ಟು ಜನಸಂದಣಿ ಇರಬಹುದು, ಟ್ಯಾಕ್ಸಿ ಸಿಗದಿದ್ದರೆ ಯಾವ ಗಲ್ಲಿಯಲ್ಲಿ ನುಗ್ಗಬಹುದು ಎಂದು ನೋಡಿಕೊಳ್ಳುತ್ತಿದ್ದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಅವಳ ಗಂಡ ಹಮ್ದಿ ಕಾಲುವೆ ದಾಟಿಸುವ ಫೆರಿಯಲ್ಲಿ ಕೆಲಸ ಮಾಡುತ್ತಿದ್ದ. ಇವತ್ತು ರಜೆಯಿದ್ದರೂ ಹೋಗಿದ್ದ. “ಮೊದಲನೇ ದಿನ ನಾನು ಎದುರಿಗೆ ಕೂತ್ರೆ ಮಗು ಬಾಯಿ ಬಿಡಲ್ಲ. ನೀವಿಬ್ಬರೇ ಇರಿ,” ಎಂದಿದ್ದ. ಹಾಲಿನ ಗಟ್ಟಿ ಸಾಸ್ ಸುರಿದು ಬೇಯಿಸಿದ ಬೆಶಮೆಲ್ ಮ್ಯಾಕರೋನಿಯ ತಟ್ಟೆ ಓವನ್‌ನಲ್ಲಿ ಬೆಚ್ಚಗಿತ್ತು, ಮೇಲ್ಪದರ ಕೆಂಪಗೆ ಗರಿಯಾಗಿತ್ತು. ರಾವಿಯಾ ಬಡಿಸಿದಳು, ತಸ್ನೀಮ್ ತಿಂದಳು. ತಟ್ಟೆ ತೆಗೆದ ತಕ್ಷಣ ಶಾಲೆಯ ಲೆಕ್ಕ ನೋಡಿದರು. ಲೆಕ್ಕ ಮುಗಿದ ತಕ್ಷಣ ರಾವಿಯಾ ಬಿಗಿಯಾದ ಎರಡೂ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಹೆಣೆದಳು. ಹೆಣೆಯುತ್ತ ಒಂದು ಕಥೆ ಹೇಳಿದಳು. ಕಥೆಯ ನರಿ ಬಾವಿಗೆ ಬಿತ್ತು, ಎದ್ದು ಬಂತು, ಕಥೆ ಮುಗಿಯಿತು. ಮಾವಿನ ಹಣ್ಣು ಒಂದನ್ನು ಇಬ್ಬರೂ ಹಂಚಿ ತಿಂದು ಕೈ ತೊಳೆದರು.

ತಸ್ನೀಮ್ ಬಾಗಿಲ ಹತ್ತಿರ ಹೋಗಿ ಸ್ಯಾಂಡಲ್ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ನಿಂತಳು. ರಾವಿಯಾ ತಲೆಗೆ ಹಿಜಾಬ್ ಸುತ್ತಿ, ಕೈಚೀಲ ಹಿಡಿದು, ಕೀಲಿಕೈ ಎಲ್ಲಿಟ್ಟೆ ಎಂದು ಮೇಜಿನ ಮೇಲೆ ಹುಡುಕುತ್ತಿದ್ದಳು.

ಹೊರಗಿನಿಂದ ಬಾಗಿಲು ತೆರೆಯಿತು. ಹಮ್ದಿ ಒಳಗೆ ಕಾಲಿಟ್ಟವನು ಇಬ್ಬರನ್ನೂ ನೋಡಿ ಅಲ್ಲೇ ನಿಂತ. ಅವನ ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಕಡಲೆಯ ಪೊಟ್ಟಣವಿತ್ತು.

“ಎಲ್ಲಿಗೆ?”

“ವಾಪಸ್,” ಎಂದಳು ರಾವಿಯಾ. “ಹೊತ್ತಾಯ್ತಲ್ಲ.”

“ಎಂಥಾ ಹೊತ್ತು? ಈಗಿನ್ನೂ ಮಧ್ಯಾಹ್ನದ ಅಸರ್ ನಮಾಜು ಮುಗೀತು. ಮಗ್ರಿಬ್‌ಗೆ ಇನ್ನೂ ಬೇಕಾದಷ್ಟಿದೆ. ನಾನೂ ಸ್ವಲ್ಪ ಮುಖ ತೋರ್ಸಿ ಹೋಗೋಣ ಅಂತ ಬಂದೆ.” ಅವನು ತಸ್ನೀಮಳ ಕಡೆ ತಿರುಗಿದ. “ಜಗಳ ಆಯ್ತಾ?”

“ಇಲ್ಲ,” ಎಂದಳು ತಸ್ನೀಮ್ ಗೊಂದಲದಿಂದ. “ಬಂದು ಮೂರು ಗಂಟೆ ಹೊತ್ತಾಯ್ತು.”

ರಾವಿಯಾ ಮಗಳನ್ನು ನೋಡಿದಳು. ಮಗಳು ರಾವಿಯಾಳನ್ನು ನೋಡಿದಳು. ಅಂಗಳದಲ್ಲಿ ಭೇಟಿಯ ಮೂರು ಗಂಟೆ ತುಂಬುತ್ತಿದ್ದ ಹಾಗೆ ಯಾರೂ ಹೇಳದೆ ಎಲ್ಲರೂ ಏಳುತ್ತಿದ್ದರು; ಚೆಂಡು ತಾನಾಗಿ ನಿಲ್ಲುತ್ತಿತ್ತು. ಊಟ, ಲೆಕ್ಕ, ಜಡೆ, ಕಥೆ, ಹಣ್ಣು, ಎಲ್ಲವನ್ನೂ ಅಷ್ಟರೊಳಗೆ ಮುಗಿಸಿ ಕೊನೆಗೆ ಸ್ವಲ್ಪ ಹೊತ್ತು ಸುಮ್ಮನೆ ಕೈ ಹಿಡಿದುಕೊಳ್ಳಲು ಉಳಿಸಿಕೊಳ್ಳುವಷ್ಟು ಪಳಗಿದ್ದರು ಇಬ್ಬರೂ. ಮೊದಲು ನಕ್ಕದ್ದು ತಸ್ನೀಮ್. ನಗುತ್ತ ನಗುತ್ತ ಚೀಲದ ಸಮೇತ ನೆಲಕ್ಕೆ ಕೂತಳು. ರಾವಿಯಾ ಹಿಜಾಬ್ ಬಿಚ್ಚಿ ಮುಖ ಮುಚ್ಚಿಕೊಂಡು ನಕ್ಕಳು. ಹಮ್ದಿಗೆ ಅರ್ಥವಾಗಲಿಲ್ಲ, ಆದರೂ ಕಡಲೆ ಪೊಟ್ಟಣ ಹಿಡಿದೇ ನಕ್ಕ.

ಆಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಉಳಿದ ಹೊತ್ತಿಗೆ ರಾವಿಯಾ ಏನನ್ನೂ ಯೋಚಿಸಿಟ್ಟಿರಲಿಲ್ಲ.

“ಶುಕ್ರವಾರ ಈ ಹೊತ್ತಲ್ಲಿ ನೀನು ಏನ್ಮಾಡ್ತೀಯ?” ತಸ್ನೀಮ್ ಕೇಳಿದಳು. “ನನ್ನನ್ನ ಬಿಟ್ಟು ಬಂದ ಮೇಲೆ.”

ರಾವಿಯಾ ನಿಜವನ್ನೇ ಹೇಳಿದಳು. “ಮಲ್ಕೋತೀನಿ.”

“ಹಂಗಾದ್ರೆ ಮಲ್ಕೋಳೋಣ.”

ಹಾಸಿಗೆಯ ಮೇಲೆ ಇಬ್ಬರೂ ಒರಗಿದರು. ತಸ್ನೀಮ್ ಶಾಲೆಯ ಹುಡುಗಿಯೊಬ್ಬಳ ಬೆಕ್ಕಿನ ಬಗ್ಗೆ ಹೇಳುತ್ತಿದ್ದಳು. ಬೆಕ್ಕಿಗೆ ನಾಲ್ಕು ಮರಿ, ಒಂದಕ್ಕೆ ಬಾಲವೇ ಇಲ್ಲ, ಆ ಬಾಲವಿಲ್ಲದ್ದು... ಮಾತು ಅಲ್ಲಿಗೇ ನಿಂತಿತು. ರಾವಿಯಾ ಮುಂದೇನು ಎಂದು ಕೇಳಲು ತಿರುಗಿದರೆ ಮಗಳು ನಿದ್ದೆ ಹೋಗಿದ್ದಳು. ಬೋರಲು ಮಲಗಿ, ಒಂದು ಕೈಯನ್ನು ಹೊಟ್ಟೆಯಡಿ ಸಿಕ್ಕಿಸಿ, ಒಂದು ಪಾದವನ್ನು ಗೋಡೆಗೆ ಒತ್ತಿಕೊಂಡು. ಬಾಯಿ ತುಸು ತೆರೆದಿತ್ತು.

ರಾವಿಯಾ ಅಲುಗಾಡಲಿಲ್ಲ. ಅಂಗಳದಲ್ಲಿ ಯಾವ ಮಗುವೂ ಮಲಗುವುದಿಲ್ಲ. ಎರಡು ವರ್ಷದಲ್ಲಿ ತಸ್ನೀಮ್ ಓಡುವುದು, ಅಳುವುದು, ಹಲ್ಲು ಬಿದ್ದ ಬಾಯಲ್ಲಿ ಸುಳ್ಳು ಹೇಳುವುದು ಎಲ್ಲವನ್ನೂ ಅವಳು ನೋಡಿದ್ದಳು. ನಿದ್ದೆಯನ್ನು ನೋಡಿರಲಿಲ್ಲ. ಮಲಗಿದಾಗ ಮಗಳ ಹುಬ್ಬು ಗಂಟಿಕ್ಕಿಕೊಳ್ಳುತ್ತದೆ ಎನ್ನುವುದು ಅವಳಿಗೆ ಮರೆತೇ ಹೋಗಿತ್ತು. ಅಥವಾ ಇದು ಹೊಸದೇನೋ. ಕೇಳೋಣವೆಂದರೆ ತಿಳಿದವರು ಒಬ್ಬರೇ ಇದ್ದರು.

ಗೋಡೆಯ ಮೇಲಿನ ಬಿಸಿಲು ಹಳದಿಯಾಗಿ, ಆಮೇಲೆ ಕೆಂಪಾಗಿ, ಬೀರುವಿನ ಮೇಲಕ್ಕೆ ಹತ್ತಿತು. ಹೊರಡಬೇಕು. ರಾವಿಯಾ ಬಗ್ಗಿ ಮೆಲ್ಲಗೆ “ತಸ್ನೀಮ್” ಎಂದಳು. ಮಗಳು ಮೂಗು ಉಜ್ಜಿ ಗೋಡೆಯ ಕಡೆಗೆ ಇನ್ನಷ್ಟು ಒತ್ತಿಕೊಂಡಳು. ಭುಜ ಮುಟ್ಟಿದಳು. “ಊಂ,” ಎಂದಿತು ನಿದ್ದೆ. ಹಿಡಿದು ಕೂರಿಸಿದರೆ ಏಳುತ್ತಾಳೆ, ಅಳುತ್ತ ಹೊರಡುತ್ತಾಳೆ. ಅಮ್ಮನ ಮನೆಯಿಂದ ಬಂದ ಮೊದಲ ದಿನವೇ ಅತ್ತ ಕಣ್ಣಲ್ಲಿ ಅಜ್ಜಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಎಬ್ಬಿಸದಿದ್ದರೆ ತಡವಾಗುತ್ತದೆ. ಮೇಷ್ಟ್ರ ಮಾತು, ಬಯೂಮಿಯ ಬಿಳಿ ಅಂಗಿ, ಒಂದು ಗೇಣು ಸರಿದ ಬಾಗಿಲು, ಎಲ್ಲ ಒಟ್ಟಿಗೆ ಅವಳ ಎದೆಯ ಮೇಲೆ ಕೂತವು. ಇನ್ನೊಂದು ಸಲ ಎತ್ತಿದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡು ಫೋನ್ ತೆಗೆದಳು. ಕೋರ್ಟಿನ ತೀರ್ಪು ಬಂದ ಮೇಲೆ ಹಜ್ಜಾ ಮನೆಯ ನಂಬರಿಗೆ ಅವಳು ಒಮ್ಮೆಯೂ ಫೋನ್ ಮಾಡಿರಲಿಲ್ಲ.

“ಹಲೋ, ಒತ್ತೆಯವನು ಮಾತಾಡ್ತಿದೀನಿ,” ಎಂದಿತು ಬಯೂಮಿಯ ಧ್ವನಿ.

“ಬಯೂಮಿಯಣ್ಣಾ, ಹಜ್ಜಾ ಎಲ್ಲಿ?”

“ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡ್ತಿದಾರೆ. ಎಲ್ಲಿದೀಯಮ್ಮಾ? ಕೆಳಗಡೆ ಬಂದ್ರಾ? ಇವರು ಆಗ್ಲಿಂದ ಬಾಲ್ಕನಿಗೆ ಎಂಟು ಸಲ ಹೋಗಿ ಬಂದ್ರು. ನಾನೂ ಹಿಂದೆ ಹಿಂದೆ ಹೋಗಿ ನನ್ನ ಮೊಣಕಾಲು...” ಯಾರೋ ಫೋನು ಕಿತ್ತುಕೊಂಡರು.

“ಎಲ್ಲಿದೀರಾ?”

ರಾವಿಯಾಳಿಗೆ ಮೈಕ್ರೋಬಸ್ಸಿನಲ್ಲಿ ಇದ್ದೇವೆ, ಜನಸಂದಣಿ, ಬಂದೇಬಿಟ್ಟೆವು ಎನ್ನುವ ಮಾತೆಲ್ಲ ನಾಲಗೆಯ ತುದಿಗೆ ಬಂದವು.

“ಮನೇಲೇ ಇದೀವಿ ಹಜ್ಜಾ. ಹೊರಟಿಲ್ಲ. ತಸ್ನೀಮ್ ಮಲ್ಕೊಂಡಿದಾಳೆ. ಎಬ್ಬಿಸಿದೆ, ಏಳ್ತಿಲ್ಲ. ಈಗ ಎತ್ಕೊಂಡಾದ್ರೂ ಬರ್ತೀನಿ. ಆದ್ರೆ ಆಜಾನ್ ಒಳಗೆ ಆಗಲ್ಲ. ಅದಕ್ಕೇ ಮೊದಲೇ ಹೇಳೋಣ ಅಂತ.”

ಆ ಕಡೆ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು.

“ಮಲ್ಕೊಂಡಿದಾಳಾ?” ಹಜ್ಜಾ ಕೇಳಿದರು. “ಮಧ್ಯಾಹ್ನ ಅವಳು ನನ್ನ ಹತ್ರ ಒಂದಿನಾನೂ ಮಲಗಿದವಳಲ್ಲ. ಜ್ವರ ಇದೆಯಾ ನೋಡು.”

“ಇಲ್ಲ. ಹಣೆ ತಣ್ಣಗಿದೆ.”

“ಹೇಗೆ ಮಲಗಿದಾಳೆ?”

“ಬೋರಲು. ಒಂದು ಕಾಲು ಗೋಡೆಗೆ ಒತ್ಕೊಂಡು.”

“ಕಾಲು ಗೋಡೆಗಿದೆಯಾ?”

“ಹೂಂ.”

“ಹುಬ್ಬು?”

“ಗಂಟು ಹಾಕ್ಕೊಂಡಿದಾಳೆ,” ಎಂದಳು ರಾವಿಯಾ. ಆಮೇಲೆ ಕೇಳದೆ ಇರಲಾಗಲಿಲ್ಲ. “ಯಾವಾಗ್ಲೂ ಹೀಗೇನಾ?”

“ಅದು ಗಾಢವಾಗಿ ನಿದ್ದೆ ಬಂದಾಗ. ಆರು ತುಂಬಿದ ಮೇಲೆ ಶುರುವಾಯ್ತು.” ಹಜ್ಜಾ ನಿಟ್ಟುಸಿರು ಬಿಟ್ಟರು. “ಅಂಥ ನಿದ್ದೇಲಿ ಎಬ್ಬಿಸಿದ್ರೆ ತಲೆನೋವು ಬಂದು ಮಲಗೋ ತನಕ ಗೋಳಾಡ್ತಾಳೆ, ಆಮೇಲೆ ಸಮಾಧಾನ ಮಾಡ್ಬೇಕಾದವಳು ನಾನು. ಎಬ್ಬಿಸಬೇಡ.”

“ಮಗ್ರಿಬ್...”

“ಮಗ್ರಿಬ್ ನಾನು ಇಲ್ಲಿ ಮಾಡ್ಕೋತೀನಿ, ನೀನು ಅಲ್ಲಿ ಮಾಡ್ಕೋ. ಎದ್ದ ಮೇಲೆ ಏನಾದ್ರೂ ತಿನ್ನಿಸಿ ಕರ್ಕೊಂಡು ಬಾ. ಮುಂದಿನ ವಾರ ಬರೋವಾಗ ಅವಳ ರಾತ್ರಿ ಬಟ್ಟೆ ಒಂದು ಜೊತೆ ಕೊಟ್ಟು ಕಳಿಸ್ತೀನಿ. ಈ ಹಬ್ಬದ ಲಂಗದಲ್ಲಿ ಮಲಗಿದ್ರೆ ಸೊಂಟಕ್ಕೆ ಒತ್ತುತ್ತೆ.”

ರಾವಿಯಾ ಮಗಳ ಲಂಗದ ಸೊಂಟಪಟ್ಟಿಯನ್ನು ಮೆಲ್ಲಗೆ ಸಡಿಲಿಸಿದಳು. “ಬಯೂಮಿಯಣ್ಣಂಗೆ ತಡ ಆಗುತ್ತೇನೋ,” ಎಂದಳು.

“ಅವನಿಗೇನು ಕಚೇರಿ ಇದೆಯಾ? ಕೂತ್ಕೊಂಡು ಮೊಲೊಖಿಯಾ ಸೊಪ್ಪು ಬಿಡಿಸ್ತಿದಾನೆ. ಕಾಂಡ ಯಾವುದು ಎಲೆ ಯಾವುದು ಗೊತ್ತಿಲ್ಲ ದಡ್ಡಂಗೆ.” ದೂರದಿಂದ ಬಯೂಮಿ ಏನೋ ಪ್ರತಿಭಟಿಸಿದ. “ಲೈನ್ ಬಿಡು, ಆಜಾನ್ ಆಗ್ತಿದೆ,” ಎಂದು ಹಜ್ಜಾ ಫೋನಿಟ್ಟರು.

ನಿಜವಾಗಿಯೂ ಆಗುತ್ತಿತ್ತು. ಮೊದಲು ಮಾರುಕಟ್ಟೆಯ ಮಸೀದಿಯಿಂದ, ಒಂದು ಉಸಿರು ಹಿಂದೆ ಸರೋವರದ ಕಡೆಯ ಮಸೀದಿಯಿಂದ. ಆಜಾನ್ ಮುಗಿಯುವವರೆಗೂ ರಾವಿಯಾ ಮಗಳ ಮುಖವನ್ನೇ ನೋಡುತ್ತಿದ್ದಳು. ತಸ್ನೀಮ್ ಏಳಲಿಲ್ಲ. ಅಡುಗೆಮನೆಯಲ್ಲಿ ಹಮ್ದಿ ಸದ್ದಾಗದಂತೆ ಒಂದೊಂದೇ ಪಾತ್ರೆ ತೊಳೆದು ಬಟ್ಟೆಯ ಮೇಲೆ ಕವಿಚಿ ಹಾಕುತ್ತಿದ್ದ. ಕೋಣೆಯೊಳಗೆ ಕತ್ತಲೆ ಮೂಲೆಗಳಿಂದ ತುಂಬುತ್ತ ಬಂತು. ಬೀರು ಮರೆಯಾಯಿತು, ಮೇಜು ಮರೆಯಾಯಿತು. ಕೊನೆಗೆ ಹಾಸಿಗೆಯ ಬಿಳಿ ಚಾದರ, ಅದರ ಮೇಲೆ ಒಂದು ಪುಟ್ಟ ಬೆನ್ನು ಏರುವುದು ಇಳಿಯುವುದು ಮಾತ್ರ ಕಾಣುತ್ತಿತ್ತು. ರಾವಿಯಾ ದೀಪ ಹಾಕಲು ಏಳಲಿಲ್ಲ.